ಅಡ್ಡಿಯಿಲ್ಲ ಎಂದ ಭುಜ

ಮನುಷ್ಯನಿಗೆ ಮೈ ಬಗ್ಗಿಸುವುದೆಂದರೆ ಆಗದು. ಬಗ್ಗಿಸದೆಯೇ ಬಗ್ಗಿಸಿದ ಫಲ ಮಾತ್ರ ಬೇಕು. ನಾವು ಬೇರೆ ಕೆಲಸದಲ್ಲಿರುವಾಗ ನಮ್ಮ ಸ್ನಾಯುಗಳು ತಮ್ಮ ಪಾಡಿಗೆ ತಾವು ವ್ಯಾಯಾಮ ಮಾಡಿಕೊಂಡರೆ ಹೇಗೆ ಎಂದು ಯಾವನೋ ಒಬ್ಬ ಸೋಮಾರಿ ಯೋಚಿಸಿದ. ಅವನಿಗಿಂತ ದೊಡ್ಡ ಸೋಮಾರಿಗಳು ಅದಕ್ಕೆ ಬಂಡವಾಳ ಹಾಕಿದರು. ಹೀಗೆ ಹುಟ್ಟಿದ್ದು ‘ಭುಜಶ್ರೀ’ ಸಂಸ್ಥೆ. ಅದು ಹುಬ್ಬಳ್ಳಿಗೆ ಬಂದು ಕೆಲವೇ ವರ್ಷಗಳಲ್ಲಿ ಡಂಬೆಲ್ಸ್ ಮಾರುತ್ತಿದ್ದ ಅಂಗಡಿಗಳೆಲ್ಲ ಮೊಬೈಲ್ ಕವರ್ ಮಾರತೊಡಗಿದವು.

ಆ ಯಂತ್ರದ ಹೆಸರು ಕವಚ. ನೋಡಲು ಕುತ್ತಿಗೆಯಿಂದ ಮೊಣಕೈವರೆಗಿನ, ಮುಂದೆ ಗುಂಡಿಯಿರುವ ಒಂದು ತೆಳು ಕರಿ ಬನಿಯನ್, ಅಷ್ಟೆ. ಅದರ ಎಳೆಗಳಲ್ಲಿ ಸಣ್ಣದಾಗಿ ವಿದ್ಯುತ್ ಹರಿದು ಭುಜದ, ಬೆನ್ನಿನ, ಎದೆಯ ಸ್ನಾಯುಗಳನ್ನು ಒಂದೊಂದಾಗಿ ಬಿಗಿಸಿ ಬಿಡುತ್ತದೆ. ನೀವು ಟೀವಿ ನೋಡುತ್ತಿರಿ, ನಿಮ್ಮ ಭುಜ ಕಸರತ್ತು ಮಾಡುತ್ತಿರುತ್ತದೆ. ಮೊದಲು ಸಿರಿವಂತರು ಹಾಕಿಕೊಂಡರು, ಆಮೇಲೆ ಅಗ್ಗದ ನಕಲುಗಳು ಬಂದವು. ಮದುವೆಗಳಲ್ಲಿ ಅಕ್ಷತೆ ಹಾಕಲು ಹೋದವರ ಕೈ ಇದ್ದಕ್ಕಿದ್ದಂತೆ ಜಗ್ಗಿ ಮದುಮಗನ ಮೂಗಿಗೆ ಬಡಿಯುವುದು ಸಾಮಾನ್ಯವಾಯಿತು. ಜನ ಅದಕ್ಕೂ ಹೊಂದಿಕೊಂಡರು. ಮದುಮಕ್ಕಳು ಎರಡು ಮೊಳ ಹಿಂದೆ ಸರಿದು ನಿಲ್ಲಲು ಕಲಿತರು.

ನಾನು ಗಿರಿಜಾ ಹಂಚಿನಮನಿ, ಫಿಸಿಯೋಥೆರಪಿಸ್ಟ್. ವರ್ಷಗಟ್ಟಲೆ ಕ್ರಿಕೆಟ್ ಬೌಲರುಗಳಿಗೆ ರಬ್ಬರ್ ಪಟ್ಟಿ ಎಳೆಸಿ, ಅವರ ಶಾಪ ತಿಂದು ಬದುಕಿದವಳು. ಭುಜಶ್ರೀಯವರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ನನ್ನ ಸಲಹೆ ಕೇಳಲಿಕ್ಕಲ್ಲ. ಜಾಹೀರಾತಿನಲ್ಲಿ ಬಿಳಿ ಕೋಟು ಹಾಕಿಕೊಂಡು ನಿಲ್ಲಲು ಅವರಿಗೊಬ್ಬರು ಬೇಕಾಗಿತ್ತು. ಊರಾಚೆ ಅವರದೇ ಮೈದಾನ, ಮೈದಾನದ ಅಂಚಿಗೆ ಗಾಜಿನ ಗೋಡೆಯ ನಿಯಂತ್ರಣ ಕೊಠಡಿ. ಅಲ್ಲಿ ಹುಡುಗಿಯರ ತಂಡಕ್ಕೆ ಕವಚ ತೊಡಿಸಿ, ಗಾಯವೇ ಆಗದ ಬೌಲರುಗಳನ್ನು ತಯಾರಿಸುತ್ತೇವೆ ಎಂದು ಡಂಗುರ ಹೊಡೆಯುತ್ತಿದ್ದರು.

ಕವಚದ ಹಿಂದಿನ ವಿಜ್ಞಾನ ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಚೆಂಡಿಗೆ ವೇಗ ಕೊಡುವುದು ಎದೆಯ ಕಡೆಯ ದೊಡ್ಡ ಸ್ನಾಯುಗಳು. ಚೆಂಡು ಕೈಬಿಟ್ಟ ಮೇಲೆ ಅದೇ ರಭಸದಲ್ಲಿ ಬೀಸಿ ಬರುವ ತೋಳನ್ನು ಹಿಡಿದು ನಿಲ್ಲಿಸುವುದು ಭುಜದ ಹಿಂದಿರುವ ಸಣ್ಣ ಸ್ನಾಯುಗಳು. ಎಲ್ಲರೂ ಎಂಜಿನ್ನು ಬೆಳೆಸುತ್ತಾರೆ, ಬ್ರೇಕು ಮರೆಯುತ್ತಾರೆ. ಭುಜ ಹರಿಯುವುದು ಅಲ್ಲಿ. ಕವಚ ಆ ಬ್ರೇಕಿನ ಸ್ನಾಯುಗಳನ್ನು ಹುಡುಕಿ ಹುಡುಕಿ ದುಡಿಸುತ್ತಿತ್ತು. ಅದಕ್ಕೆ ತಿಳಿಯದೆ ಇದ್ದದ್ದು ಒಂದೇ, ನೋವು. ಸ್ನಾಯು ಎಷ್ಟು ದಣಿದಿದೆ, ಎಷ್ಟು ಬಿಸಿಯೇರಿದೆ ಎಂದೆಲ್ಲ ಅದು ಅಳೆಯುತ್ತಿತ್ತು. ನೋವು ಹುಟ್ಟುವುದು ಮಿದುಳಿನಲ್ಲಿ, ಬನಿಯನ್ ಅಲ್ಲಿಯವರೆಗೆ ಹೋಗುವುದಿಲ್ಲ.

ಹಾಗಾಗಿ ಅದು ದಿನಕ್ಕೆರಡು ಸಲ ಬಾಯಿಬಿಟ್ಟು ಕೇಳುತ್ತಿತ್ತು. ‘ಇಂದು ತಮ್ಮ ಭುಜದ ಸ್ಥಿತಿ ಹೇಗಿದೆ?’ ಹಳೆಯ ಕಾಲದ ರೇಡಿಯೋ ವಾರ್ತೆಯ ಧಾಟಿ. ‘ನಿಮ್ಮ ಮನೆಮಾತಿನಲ್ಲೇ ಉತ್ತರಿಸಿ’ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಉತ್ತರ ಕೇಳಿ ಅದು ಭಾರ ಏರಿಸುತ್ತಿತ್ತು, ಇಲ್ಲವೆ ಇಳಿಸುತ್ತಿತ್ತು.

ತಂಡದಲ್ಲಿ ಸುನಂದಾ ಬಡಿಗೇರ ಎಂಬ ಹುಡುಗಿ ಇದ್ದಳು. ಇಪ್ಪತ್ತೊಂದು ವರ್ಷ, ಬಲಗೈ ವೇಗದ ಬೌಲರ್. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಗಟ್ಟಿ ಭುಜ ಹಸಿರು, ಕೆಟ್ಟದ್ದು ಕೆಂಪು. ಎಲ್ಲರಿಗಿಂತ ಹಸಿರಾಗಿ ಹೊಳೆಯುತ್ತಿದ್ದದ್ದು ಅವಳ ಭುಜ. ಬಂದ ಅತಿಥಿಗಳಿಗೆಲ್ಲ ನಮ್ಮ ನಿರ್ದೇಶಕರು ಅದನ್ನೇ ತೋರಿಸುತ್ತಿದ್ದರು. ನಿರ್ದೇಶಕರೆಂದರೆ ಡಾ. ಪ್ರಹ್ಲಾದ ಇನಾಮದಾರ. ಧಾರವಾಡದಲ್ಲೇ ಹುಟ್ಟಿ ಬೆಳೆದು, ನಾಲ್ಕು ದೇಶ ತಿರುಗಿ, ಎಲ್ಲೂ ಏನೂ ಕಲಿಯದೆ ತಿರುಗಿ ಬಂದ ಮಹಾಶಯರು.

ಒಂದು ಬೆಳಿಗ್ಗೆ ನಾನು ಪರದೆ ಬಿಟ್ಟು ಗಾಜಿನಾಚೆ ಮೈದಾನ ನೋಡುತ್ತಿದ್ದೆ. ಆ ಕೊಠಡಿಯಲ್ಲಿ ಹಾಗೆ ಮಾಡುವುದು ಅಸಭ್ಯತೆ. ಚೆಂಡು ಬಿಟ್ಟ ಮೇಲೆ ಬೌಲರಿನ ಬಲಗೈ ಮೈಗೆ ಅಡ್ಡವಾಗಿ ಬೀಸಿ ಎಡ ಸೊಂಟದಾಚೆ ಹೋಗಬೇಕು. ಸುನಂದಾಳ ಕೈ ಹೊಟ್ಟೆಯ ಹತ್ತಿರವೇ ತಟ್ಟನೆ ನಿಲ್ಲುತ್ತಿತ್ತು.

“ಸರ್, ಆ ಹುಡುಗಿ ಕೈ ಪೂರ್ತಿ ಬೀಸವಲ್ಲಳು. ಭುಜದಾಗ ಏನೋ ಆಗೈತಿ,” ಎಂದೆ.

ಇನಾಮದಾರರು ಪರದೆಯಿಂದ ಕಣ್ಣು ಕೀಳಲಿಲ್ಲ. “ಗಿರಿಜಾ ಅವರ, ಇಲ್ನೋಡ್ರಿ. ಎಷ್ಟ್ ಹಸಿರ್ ಅದ. ಆಕೀ ಸ್ವಂತ ಉತ್ತರದಾಗೂ ನೋವು ಸೊನ್ನೆ ಅಂತ ಬಂದದ.”

“ನೀವೊಮ್ಮೆ ಹೊರಗ ನೋಡ್ರಿ.”

“ಹೊರಗ ನೋಡೋದಿದ್ರ ಇಷ್ಟೆಲ್ಲ ಪರದಿ ಯಾಕ ಬೇಕಿತ್ತು?” ಎಂದು ಅವರು ನಕ್ಕರು. ಸುತ್ತ ಕುಳಿತ ಹುಡುಗರೂ ನಕ್ಕರು. ಸಂಬಳ ಕೊಡುವವನ ಹಾಸ್ಯಕ್ಕೆ ನಗುವ ಸ್ನಾಯುಗಳಿಗೆ ಕವಚದ ಅಗತ್ಯವಿಲ್ಲ.

ಮರುದಿನ ರವಿವಾರ. ನಾನೇ ಹೋಗಿ ಹಳೇ ಹುಬ್ಬಳ್ಳಿಯ ಅವಳ ಮನೆಯ ಬಾಗಿಲು ತಟ್ಟಿದೆ. ತಂದೆ ಮೌನೇಶಪ್ಪ ಬಡಿಗ. ಮುಂದಿನ ಪಡಸಾಲೆಯೇ ಅವನ ಕೆಲಸದ ಜಾಗ. ತಾಯಿ ಕಾಳವ್ವ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಳು.

“ಇಷ್ಟ್ ದೊಡ್ಡಾಕಿಗೆ ನೀವ್ಯಾಕ ಹೆಣಲು ಹಾಕಾಕತ್ತೀರಿ?” ಎಂದೆ.

“ಒಂದ್ ತಿಂಗಳಾತ್ರಿ ಅಕ್ಕಾರ. ಕೈ ಮ್ಯಾಲ ಎತ್ತಾಕ ಬ್ಯಾಸರಂತ,” ಎಂದಳು ಕಾಳವ್ವ. “ಬೌಲಿಂಗ್ ಮಾಡಾಕ ಬ್ಯಾಸರಿಲ್ಲ, ಬಾಚಿಕೊಳ್ಳಾಕ ಬ್ಯಾಸರ.”

ಸುನಂದಾ ನನ್ನತ್ತ ನೋಡಲಿಲ್ಲ. ಊಟಕ್ಕೆ ಎಬ್ಬಿಸಿದರು. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು, ಶೇಂಗಾ ಚಟ್ನಿ. ಮನೆಯವರೆಲ್ಲ ಅವಳ ಎಡಬದಿಗೆ ಕುಳಿತರು, ನೀರಿನ ತಂಬಿಗೆಯೂ ಆ ಕಡೆಗೇ ಹೋಯಿತು. ಬಲಬದಿಯಲ್ಲಿ ಯಾರು ಏನು ಇಟ್ಟರೂ ಅವಳ ಕೈ ಜಗ್ಗಿ ಉರುಳಿಸುತ್ತದೆಂದು ಮೌನೇಶಪ್ಪ ಹೇಳಿದ. ತನ್ನ ಮಗಳ ಬಲಗೈಯನ್ನು ಅವನು ಮನೆಗೆ ಬಂದ ತುಂಟ ದನದ ಹಾಗೆ ನೋಡುತ್ತಿದ್ದ. ಅವಳು ಎಡಗೈಯಿಂದ ರೊಟ್ಟಿ ಮುರಿಯುತ್ತಿದ್ದಳು. ನಮ್ಮ ಕಡೆ ಎಡಗೈಯಲ್ಲಿ ಉಣ್ಣುವ ಮಗಳನ್ನು ತಾಯಿ ಸುಮ್ಮನೆ ಬಿಡುವುದಿಲ್ಲ. ಕಾಳವ್ವ ಬಿಟ್ಟಿದ್ದಳು.

ಅಷ್ಟರಲ್ಲಿ ಅಂಗಿಯೊಳಗಿನ ಕವಚದಿಂದ ವಾರ್ತೆ ಶುರುವಾಯಿತು. ‘ಇಂದು ತಮ್ಮ ಭುಜದ ಸ್ಥಿತಿ ಹೇಗಿದೆ?’

ಸುನಂದಾ ತುತ್ತು ನುಂಗಿ, “ಅಡ್ಡಿಯಿಲ್ಲ,” ಎಂದಳು.

‘ಧನ್ಯವಾದಗಳು. ಭಾರವನ್ನು ಒಂದು ಹಂತ ಏರಿಸಲಾಗಿದೆ.’

ಅವಳ ಬಲಭುಜ ಒಮ್ಮೆ ಬಿಗಿಯಿತು. ತುಟಿ ಕಚ್ಚಿಕೊಂಡಳು, ಹಣೆಯ ಮೇಲೆ ಬೆವರು ಬಂತು. ನಂತರ ಏನೂ ಆಗದವಳಂತೆ ಮೊಸರು ಬೇಡಿದಳು.

ಬೇರೆ ಕಡೆಯವರಿಗಾಗಿ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಅಡ್ಡಿಯಿಲ್ಲ ಎಂಬ ಮಾತಿಗೆ ಅಡ್ಡಿಗೂ ಇಲ್ಲಕ್ಕೂ ಸಂಬಂಧವಿಲ್ಲ. ಮದುವೆ ಊಟ ಹೇಗಿತ್ತು ಎಂದು ಕೇಳಿ. ಅಡ್ಡಿಯಿಲ್ಲ ಎಂದರೆ ಸಾರು ಹಳಸಿತ್ತು ಎಂದರ್ಥ. ಅಳಿಯ ಹೇಗಿದ್ದಾನೆ ಎಂದು ಕೇಳಿ. ಅಡ್ಡಿಯಿಲ್ಲ ಎಂದರೆ ಕುಡಿಯುತ್ತಾನೆ, ಆದರೆ ಹೊಡೆಯುವುದಿಲ್ಲ. ಹೇಳಲಿಕ್ಕೆ ಬಹಳ ಇದೆ, ನಿಮ್ಮ ಮುಂದೆ ಹೇಳುವುದಿಲ್ಲ, ತಡೆದುಕೊಂಡು ಹೋಗುತ್ತಿದ್ದೇವೆ ಎಂಬುದೆಲ್ಲ ಆ ನಾಲ್ಕಕ್ಷರದಲ್ಲಿ ಬರುತ್ತದೆ. ಧ್ವನಿ ಕೇಳಿ, ಮುಖ ನೋಡಿ ಎಷ್ಟು ಹಾಳಾಗಿದೆ ಎಂದು ತಿಳಿದುಕೊಳ್ಳುವುದು ಕೇಳಿದವರ ಜವಾಬ್ದಾರಿ.

ಸೋಮವಾರ ಹೋಗಿ ಕವಚದ ಪದಕೋಶ ತೆಗೆದು ನೋಡಿದೆ. ಯಾವುದೋ ದೂರದ ಊರಿನಲ್ಲಿ ಕುಳಿತು ಕನ್ನಡವನ್ನು ನಿಘಂಟಿನಿಂದ ಕಲಿತವರು ಮಾಡಿದ ಕೆಲಸ. ಅಡ್ಡಿ ಎಂದರೆ ತಡೆ. ಇಲ್ಲ ಎಂದರೆ ಇಲ್ಲ. ಕೀಲಿನ ಚಲನೆಗೆ ತಡೆಯಿಲ್ಲ, ನೋವು ಸೊನ್ನೆ, ಭಾರ ಏರಿಸಬಹುದು. ಆ ಹುಡುಗಿ ತಿಂಗಳಿಂದ ದಿನಕ್ಕೆರಡು ಸಲ ನೋವು ತಡೆದುಕೊಂಡಿದ್ದೇನೆ ಎಂದು ಹೇಳುತ್ತಿದ್ದಳು. ಅದು ದಿನಕ್ಕೆರಡು ಸಲ ಧನ್ಯವಾದ ಹೇಳಿ ಇನ್ನಷ್ಟು ಜಗ್ಗುತ್ತಿತ್ತು.

ಹಾಗಾದರೆ ಅಷ್ಟೆಲ್ಲ ಅಳೆಯುವ ಎಳೆಗಳಿಗೆ ಗಾಯ ಯಾಕೆ ಕಾಣಲಿಲ್ಲ ಎಂದರೆ, ಹರಿಯುತ್ತಿದ್ದದ್ದು ಸ್ನಾಯುವಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು. ಆ ನಾರಿನಲ್ಲಿ ಅಳೆಯಲು ವಿದ್ಯುತ್ತಿಲ್ಲ. ಆದ್ದರಿಂದ ಕವಚದ ಪಾಲಿಗೆ ಅಂಥದೊಂದು ಮೈಯಲ್ಲೇ ಇರಲಿಲ್ಲ.

ಇನಾಮದಾರರ ಕೋಣೆಗೆ ಹೋದೆ. ಶನಿವಾರ ರಾಷ್ಟ್ರೀಯ ತಂಡದ ಆಯ್ಕೆಗಾಗಿ ನಮ್ಮ ಮೈದಾನದಲ್ಲೇ ಪಂದ್ಯವಿತ್ತು. ಆಯ್ಕೆಗಾರರು, ಬಂಡವಾಳ ಹಾಕುವವರು ಎಲ್ಲ ಬರುವವರಿದ್ದರು. ಅದರ ತಯಾರಿಯಲ್ಲಿ ಅವರು ಹೂವಿನ ಕುಂಡಗಳ ಬಗ್ಗೆ ಫೋನಿನಲ್ಲಿ ಗಂಭೀರವಾಗಿ ಚರ್ಚಿಸುತ್ತಿದ್ದರು. ಮುಂದೆ ಚಹಾ ಆರಿ ಕೆನೆಗಟ್ಟಿತ್ತು. ಫೋನಿಟ್ಟು ಒಂದು ಗುಟುಕು ಕುಡಿದರು, ಮುಖ ಸಿಂಡರಿಸಿದರು.

“ಚಾ ಹೆಂಗೈತ್ರಿ ಸರ್?” ಎಂದೆ.

“ಅಡ್ಡಿಯಿಲ್ಲ,” ಎಂದು ಕಪ್ಪನ್ನು ಆಚೆ ಸರಿಸಿದರು.

“ನಿಮ್ಮ ಕವಚ ಈ ಮಾತು ಕೇಳಿದ್ರ ನಿಮಗ ಇನ್ನೊಂದ್ ಕಪ್ ಅದೇ ಚಾ ಕುಡಿಸ್ತಿತ್ತು.”

ವಿಷಯ ಬಿಡಿಸಿ ಹೇಳಿದೆ. ದಡ್ಡರಲ್ಲ, ಕೂಡಲೇ ಅರ್ಥವಾಯಿತು. ಅರ್ಥವಾದದ್ದು ಅವರ ಮುಖದಲ್ಲಿ ಕಂಡಿತು, ಆಮೇಲೆ ಅದನ್ನು ಮಡಚಿ ಒಳಗಿಟ್ಟುಕೊಂಡದ್ದೂ ಕಂಡಿತು.

“ನಮ್ಮ ಎಲ್ಲಾ ಬೌಲರ್ಸೂ ಹಂಗ ಅಂತಾರಲ್ರಿ,” ಎಂದರು.

“ಹೌದ್ರಿ. ಎಲ್ಲಾರ ಭುಜಾನೂ ನೋಡಬೇಕು.”

“ಶನಿವಾರಕ್ಕ ಮುಂಚೆ ಪದಕೋಶ ತಿದ್ದಿದ್ರ ಎಲ್ಲಾರೂ ಕೆಂಪ್ ಆಗ್ತಾರ. ಆಡ್ಲಿಕ್ಕೆ ಯಾರ್ ಉಳೀತಾರ? ಪಂದ್ಯ ಮುಗೀಲಿ, ಸೋಮವಾರ ಒಂದ್ ಸಮಿತಿ ಮಾಡೋಣು. ನೀವ ಅಧ್ಯಕ್ಷರಾಗ್ರಿ.”

ಹುಡುಗಿಯ ಭುಜಕ್ಕೆ ಬದಲಾಗಿ ನನಗೊಂದು ಕುರ್ಚಿ. ಇಂಥ ಜನರ ಔದಾರ್ಯವೇ ಹೀಗೆ, ಕೈಗೆ ಬಂದದ್ದನ್ನು ಕೊಡುತ್ತಾರೆ, ಕೇಳಿದ್ದನ್ನು ಬಿಟ್ಟು.

ನಾನು ಸೀದಾ ಅಭ್ಯಾಸದ ನೆಟ್ಸ್ ಕಡೆಗೆ ನಡೆದೆ. ಸುನಂದಾ ಒಬ್ಬಳೇ ಶೂ ಬಿಚ್ಚುತ್ತ ಕುಳಿತಿದ್ದಳು. ಯಂತ್ರ ಅವಳ ಮಾತನ್ನು ತಪ್ಪಾಗಿ ತಿಳಿದಿದೆ ಎಂದು ಹೇಳಿದೆ. ಸಂಜೆ ಕೇಳಿದಾಗ ನೋವು ಎಂಬ ಪದವನ್ನೇ ಸ್ಪಷ್ಟವಾಗಿ ಹೇಳು, ಅದು ತಾನಾಗಿ ಭಾರ ಇಳಿಸುತ್ತದೆ ಎಂದೆ. ಅವಳು ಲೇಸು ಬಿಚ್ಚುವುದನ್ನು ನಿಲ್ಲಿಸಲಿಲ್ಲ.

“ನಂಗ ಗೊತ್ತೈತ್ರಿ,” ಎಂದಳು.

“ಏನ್ ಗೊತ್ತೈತಿ?”

“ಅದಕ್ಕ ತಿಳಿಯೂದಿಲ್ಲ ಅಂತ. ಮೊದಲ್ನೇ ವಾರದಾಗ ಗೊತ್ತಾತು. ಗದಗಿನ ಹುಡುಗಿ ಒಬ್ಬಾಕಿ ನೋವು ಅಂದ್ಲು. ಅವತ್ತ ಸಂಜೀಕ ಕೆಂಪ್ ಆದ್ಲು, ಮರುದಿನ ಮುಂಜಾನಿ ಬಸ್ ಹತ್ತಿದ್ಲು. ಅಡ್ಡಿಯಿಲ್ಲ ಅಂದ್ರ ನಾ ಸುಳ್ಳು ಹೇಳಿದಂಗೂ ಆಗೂದಿಲ್ಲ, ಅದಕ್ಕ ತಿಳಿದಂಗೂ ಆಗೂದಿಲ್ಲ.”

ಯಂತ್ರಕ್ಕೆ ಕನ್ನಡ ಬಾರದು ಎಂದು ನಾನು ಹೀಯಾಳಿಸುತ್ತ ಬಂದಿದ್ದೆ. ಆ ಬಾರದಿರುವಿಕೆಯಲ್ಲೇ ಈ ಹುಡುಗಿ ತಿಂಗಳಿಂದ ಮನೆ ಮಾಡಿಕೊಂಡಿದ್ದಳು.

“ಭುಜ ಹರದ್ರ ಏನ್ ಮಾಡ್ತಿ?”

“ಶನಿವಾರ ಒಂದ್ ದಿನ ತಡೀತೈತ್ರಿ. ಆಯ್ಕೆ ಆಗ್ಲಿ, ಆಮ್ಯಾಲ ನೀವು ಹೇಳಿದಂಗ ಕೇಳ್ತೀನಿ. ಅಕ್ಕಾರ, ಮುಂದಿನ ವರ್ಷ ಅನ್ನೂದು ನಿಮ್ಮಂಥವ್ರಿಗೆ ಇರ್ತೈತಿ. ನನ್ನ ಮದುವಿ ಮಾತು ಆಗಲೇ ಎರಡ್ ಸಲ ಬಂದೈತಿ. ಈ ಸಲ ಆಯ್ಕೆ ಆಗ್ಲಿಲ್ಲ ಅಂದ್ರ ಅಪ್ಪ ಒಪ್ಪಿಬಿಡ್ತಾನ.” ಅವಳು ತಲೆಯೆತ್ತಿ ನನ್ನನ್ನು ನೋಡಿದಳು. “ನೀವು ಬಾಯಿ ಮುಚ್ಚಿಕೊಂಡಿದ್ರ ಸಾಕು.”

ನಾಲ್ಕು ದಿನ ಬಾಯಿ ಮುಚ್ಚಿಕೊಂಡೇ ಇದ್ದೆ. ಮೈದಾನದಲ್ಲಿ ಅವಳ ಕೈಬೀಸು ದಿನದಿನಕ್ಕೆ ಮೋಟಾಗುತ್ತ ಹೋಯಿತು. ಶುಕ್ರವಾರ ಅವಳು ನೀರಿನ ಬಾಟಲಿಯನ್ನು ಎಡಗೈಯಿಂದ ತೆಗೆದುಕೊಂಡು, ಮುಚ್ಚಳವನ್ನು ಹಲ್ಲಿನಿಂದ ತೆಗೆದಳು. ಪರದೆಯಲ್ಲಿ ಅವಳ ಭುಜ ಹಸಿ ಮೆಣಸಿನಕಾಯಿಯಂತೆ ಹೊಳೆಯುತ್ತಿತ್ತು.

ವೈದ್ಯಕೀಯ ಪದಗಳನ್ನು ತಿದ್ದುವ ಅಧಿಕಾರವನ್ನು ಬಿಳಿ ಕೋಟಿನವಳಿಗೆ, ಅಂದರೆ ನನಗೆ, ಕಾಗದದ ಮೇಲೆ ಕೊಟ್ಟಿದ್ದರು. ಯಾರೂ ಬಳಸುವುದಿಲ್ಲ ಎಂಬ ಭರವಸೆಯಲ್ಲಿ ಕೊಟ್ಟದ್ದು. ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅದನ್ನು ಬಳಸಿದೆ. ಅಡ್ಡಿಯಿಲ್ಲ ಎಂಬುದರ ಮುಂದೆ ‘ನೋವಿದೆ, ತಡೆದುಕೊಂಡಿದ್ದಾರೆ, ಕೂಡಲೇ ನಿಲ್ಲಿಸಿ ಪರೀಕ್ಷಿಸಿ’ ಎಂದು ಬರೆದು ಹೊರಬಂದೆ. ನಾನು ಹೆದರಿದ್ದು ಇನಾಮದಾರರಿಗಲ್ಲ, ಆ ಹುಡುಗಿಗೆ.

ಹತ್ತು ಗಂಟೆಗೆ ಶಾಮಿಯಾನದಡಿ ಅತಿಥಿಗಳೆಲ್ಲ ಕುಳಿತರು. ಬೌಲರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಯಂತ್ರ ಮಾತಾಡುವುದನ್ನು ಎಲ್ಲರೂ ಕೇಳಲಿ ಎಂದು ಧ್ವನಿವರ್ಧಕ ಜೋಡಿಸಿದ್ದರು. ಇನಾಮದಾರರೂ ತಾವೊಂದು ಕವಚ ತೊಟ್ಟು, ಹೊಟ್ಟೆ ಒಳಗೆಳೆದುಕೊಂಡು ಸಾಲಿನ ಕೊನೆಗೆ ನಿಂತಿದ್ದರು.

‘ಇಂದು ತಮ್ಮ ಭುಜದ ಸ್ಥಿತಿ ಹೇಗಿದೆ?’

ಮೊದಲನೆಯವಳು ಅಡ್ಡಿಯಿಲ್ರಿ ಎಂದಳು. ಅವಳ ಹೆಗಲ ಮೇಲೆ ಕೆಂಪು ದೀಪ ಹತ್ತಿ, ಕವಚ ತಣ್ಣಗಾಯಿತು. ಎರಡನೆಯವಳು ಅದನ್ನು ಗಮನಿಸದೆ ಅದೇ ಹೇಳಿದಳು, ಅವಳೂ ಕೆಂಪಾದಳು. ಮೂರನೆಯವಳು ಸುನಂದಾ. ಪಕ್ಕದಲ್ಲಿ ಎರಡು ದೀಪ ಉರಿಯುವುದು ಅವಳಿಗೆ ಕಂಡಿತು. ಏನಾಗಿದೆ ಎಂದು ಅವಳೊಬ್ಬಳಿಗೆ ತಿಳಿಯಿತು. ಅವಳು ಶಾಮಿಯಾನದಲ್ಲಿ ನನ್ನನ್ನು ಹುಡುಕಿ, ನೋಡಿದಳು. ಬೇರೆ ಮಾತು ಹೇಳಬಹುದಾಗಿತ್ತು. ಆರಾಮಿದ್ದೀನಿ ಎಂದರೂ ಹಸಿರಾಗುತ್ತಿತ್ತು. ಆದರೆ ಅದು ಹಸಿ ಸುಳ್ಳು, ಅದನ್ನು ಹೇಳಲು ಅವಳ ಬಾಯಿ ತೆರೆದು ಮುಚ್ಚಿತು. ಯಂತ್ರ ಇನ್ನೊಮ್ಮೆ ಕೇಳಿತು. ಅವಳು ಉತ್ತರಿಸದೆ ಎಡಗೈಯಿಂದ ತಾನೇ ಕವಚದ ಗುಂಡಿ ಬಿಚ್ಚತೊಡಗಿದಳು.

ಅತಿಥಿಗಳಲ್ಲಿ ಗುಸುಗುಸು ಎದ್ದಿತು. ಪರಿಸ್ಥಿತಿ ಸಂಭಾಳಿಸಲು ಇನಾಮದಾರರು ನಗುತ್ತ ಮುಂದೆ ಬಂದು, ಯಂತ್ರ ತಮ್ಮನ್ನೂ ಕೇಳಲಿ ಎಂದು ಎದೆ ಚಾಚಿದರು. ಕೇಳಿತು. ಬಾಯಿಯ ಚಾಳಿ ಎಲ್ಲಿ ಹೋಗುತ್ತದೆ, ಅಡ್ಡಿಯಿಲ್ಲ ಎಂದರು. ಅವರ ಹೆಗಲ ಮೇಲೂ ದೀಪ ಹತ್ತಿ, ‘ರೋಗಿಯನ್ನು ಕುಳ್ಳಿರಿಸಿ’ ಎಂದು ಧ್ವನಿವರ್ಧಕ ಇಡೀ ಮೈದಾನಕ್ಕೆ ಹೇಳಿತು. ನಾನು ನಕ್ಕೆ. ಅಷ್ಟು ಜನರ ನಡುವೆ ಗಟ್ಟಿಯಾಗಿ ನಕ್ಕವಳು ನಾನೊಬ್ಬಳೇ, ಮಧ್ಯಾಹ್ನದೊಳಗೆ ಕೆಲಸ ಹೋದದ್ದು ಅದಕ್ಕೋ ಪದಕೋಶಕ್ಕೋ ಗೊತ್ತಿಲ್ಲ.

ಆಯ್ಕೆಗಾರರು ಮುಜುಗರ ತಾಳದೆ ಎಲ್ಲರ ಭುಜದ ಸ್ಕ್ಯಾನ್ ಮಾಡಿಸಿದರು. ಉಳಿದವರಿಗೆ ಉಳುಕು, ಊತ. ಸುನಂದಾಳ ಭುಜದ ಹಿಂದಿನ ನಾರು ಅರ್ಧಕ್ಕಿಂತ ಹೆಚ್ಚು ಹರಿದಿತ್ತು. ಅಂದು ಬೌಲ್ ಮಾಡಿದ್ದರೆ ಪೂರ್ತಿ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಆಯ್ಕೆ ಬೇರೆ ಊರಿನಲ್ಲಿ, ಬೇರೆ ಹುಡುಗಿಯರ ನಡುವೆ ನಡೆಯಿತು. ಭುಜಶ್ರೀಯವರು ಒಂದು ಸಮಿತಿ ಮಾಡಿದರು. ಇನ್ನು ಮುಂದೆ ಆಟಗಾರರು ಮನೆಮಾತಿನಲ್ಲಿ ಉತ್ತರಿಸಬಾರದು, ಗುಂಡಿ ಒತ್ತಬೇಕು ಎಂದು ಅದು ತೀರ್ಮಾನಿಸಿತು. ತಪ್ಪು ಕನ್ನಡದ್ದು ಎಂದು ಸಾಬೀತಾದದ್ದಕ್ಕೆ ಅವರೆಲ್ಲ ಸಿಹಿ ಹಂಚಿಕೊಂಡಿರಬೇಕು.

ಸುನಂದಾ ನನ್ನ ಫೋನು ಎತ್ತಲಿಲ್ಲ. ಮೌನೇಶಪ್ಪನೇ ಒಂದು ದಿನ ಕರೆ ಮಾಡಿದ. “ಗಂಡಿನವ್ರು ಮುರದ ಕೈ ಬ್ಯಾಡ ಅಂದಾರ್ರಿ,” ಎಂದ. ಸಂತೋಷವೋ ಸಂಕಟವೋ ಅವನ ಧ್ವನಿಯಲ್ಲಿ ತಿಳಿಯಲಿಲ್ಲ. “ನೀವು ಬಂದು ಏನರ ಮಾಡ್ರಿ ಅಕ್ಕಾರ. ಆಕಿ ಬೈತಾಳ, ಬೈಸ್ಕೊಳ್ರಿ.”

ಹೋದೆ. ಬೈಯಲಿಲ್ಲ, ಮಾತೇ ಆಡಲಿಲ್ಲ. ಪಡಸಾಲೆಯ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿದೆ. ಮೊಣಕೈ ಪಕ್ಕೆಗೆ ಅಂಟಿರಲಿ ಎಂದು ನಡುವೆ ಒಂದು ಟವೆಲ್ ಮಡಚಿ ಇಟ್ಟೆ. ಪಟ್ಟಿಯನ್ನು ಹೊರಗೆ ಎಳೆಯಬೇಕು, ಆಮೇಲೆ ಅದು ಕೈಯನ್ನು ಒಳಗೆ ಜಗ್ಗಲು ಬಿಡದೆ ನಿಧಾನವಾಗಿ, ಬಹಳ ನಿಧಾನವಾಗಿ ತಿರುಗಿ ಬರಬೇಕು. ಆ ತಿರುಗಿ ಬರುವುದರಲ್ಲೇ ಬ್ರೇಕಿನ ಸ್ನಾಯು ಬೆಳೆಯುವುದು. ಅದಕ್ಕೆ ವಿದ್ಯುತ್ತು ಬೇಡ, ಆದರೆ ಮನುಷ್ಯ ಅಲ್ಲೇ ಇರಬೇಕಾಗುತ್ತದೆ. ಪ್ರತಿ ಸಲ ಕೇಳುತ್ತಿದ್ದೆ, ನೋವು ಎಲ್ಲಿ ಎಂದು. ಅವಳು ಗೋಡೆ ನೋಡುತ್ತಿದ್ದಳು. ವಾರಗಳು ಹೋದವು. ಗೋಡೆಯ ಜತೆ ಅವಳಿಗೆ ನನಗಿಂತ ಹೆಚ್ಚು ಸಲುಗೆ ಬೆಳೆಯಿತು.

ಒಂದು ಸಂಜೆ ಎಂದಿನಂತೆ ಮತ್ತೆ ಕೇಳಿದೆ. ಅವಳು ಪಟ್ಟಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಹೆಗಲ ಹಿಂದ ಐತಿ. ಕೈ ಹೊರಗ ಹೋಗುವಾಗ ಏನಿಲ್ಲ, ಒಳಗ ಬರುವಾಗ ಅರ್ಧ ದಾರ್ಯಾಗ ಚುಚ್ತೈತಿ, ಮೊಣಕೈತನಕ ಹರೀತೈತಿ. ನಿಮ್ಮ ಮಾರಿ ನೋಡಿದ್ರ ಜಾಸ್ತಿ ಆಗ್ತೈತಿ. ನನ್ನ ವರ್ಷ ಹಾಳ್ ಮಾಡಿದ್ರಿ ನೀವು. ಸಾಕಾತಾ?”

ಆ ಹುಡುಗಿಯ ಬಾಯಿಂದ ತನ್ನ ಭುಜದ ಬಗ್ಗೆ ಒಂದು ನೆಟ್ಟಗಿನ ಮಾತು ಬಂದದ್ದು ಅದೇ ಮೊದಲು. ಅವಳ ಕಣ್ಣಲ್ಲಿ ನೀರಿತ್ತು. ಕಿಟಕಿಗೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿ, ಚೀಲದಿಂದ ಅದಕ್ಕಿಂತ ಮೆತ್ತನೆಯದನ್ನು ತೆಗೆದು ಕಟ್ಟಿದೆ.